ಹೊಲ ಮಾರಿ ಕೊಳ್ಳುವ ಔಷಧ



ಶಾಲೆಯ ದಿನಗಳ ನೆನಪುಗಳನ್ನು ಓದಲೆಂದು ಬರುವ ನಿಮಗೆ ಇಂದು ಸ್ವಲ್ಪ ನಿಷ್ಠುರದ ಮಾತು ಹೇಳಬೇಕಾಗಿದೆ. ನಮ್ಮ ಕೃಷ್ಣೆಯ ದಂಡೆಯ ಊರುಗಳಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿದಾಗ, ಗುಡಿಯ ಕಟ್ಟೆಯ ಮೇಲೆ ಕುಳಿತವರು ನಿಟ್ಟುಸಿರು ಬಿಟ್ಟು "ಅವನ ಹಣ್ಯಾಗ ಅಷ್ಟೇ ಬರದಿತ್ತು" ಎಂದುಬಿಡುತ್ತಾರೆ. ರೋಗ ಬಂದುದನ್ನು ಹಣೆಬರಹ ಎನ್ನಿರಿ, ನಾನು ವಾದಿಸುವುದಿಲ್ಲ. ಔಷಧವಿದ್ದೂ ಸಿಗದೆ ಹೋದುದನ್ನು ಹಣೆಬರಹ ಎಂದರೆ ಒಪ್ಪಲಾರೆ. ಔಷಧದ ಬೆಲೆಯನ್ನು ಬ್ರಹ್ಮ ಬರೆದಿಲ್ಲ. ಅದನ್ನು ಕಂಪನಿಗಳು ಬರೆದಿವೆ, ಸರ್ಕಾರಗಳು ಸಹಿಸಿಕೊಂಡಿವೆ. ಮನುಷ್ಯರು ಬರೆದುದನ್ನು ಮನುಷ್ಯರೇ ಅಳಿಸಿ ತಿದ್ದಿ ಬರೆಯಬಹುದು.

ಮೊದಲು ಔಷಧಗಳ ವಿಚಾರ. ಈ ರೋಗಕ್ಕೆ ಬಳಸುವ ಫ್ಲೋರೊಯುರಾಸಿಲ್ ಎಂಬ ಔಷಧವನ್ನು 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡಲ್‌ಬರ್ಗರ್ ಮತ್ತು ಸಂಗಡಿಗರು ಜಗತ್ತಿಗೆ ನೀಡಿದರು. ದಶಕಗಳ ಕಾಲ ವೈದ್ಯರ ಕೈಯಲ್ಲಿದ್ದ ಮುಖ್ಯ ಆಯುಧ ಅದೊಂದೇ. ಆಮೇಲೆ ಇರಿನೊಟಿಕಾನ್, ಆಕ್ಸಾಲಿಪ್ಲಾಟಿನ್ ಮತ್ತು ಗುಳಿಗೆಯ ರೂಪದ ಕ್ಯಾಪೆಸಿಟಬಿನ್ ಬಂದವು. ಈ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಕಂಪನಿಗಳೂ ಇವುಗಳನ್ನು ತಯಾರಿಸುತ್ತವೆ. ಹಾಗಿದ್ದರೂ ಇರಿನೊಟಿಕಾನ್ ನಮ್ಮ ರಾಷ್ಟ್ರೀಯ ಪಟ್ಟಿಗೆ ಸೇರಿದ್ದು 2022ರಲ್ಲಿ. ಏಳು ವರ್ಷ ತಡ! ಶಾಲೆಗೆ ಏಳು ನಿಮಿಷ ತಡವಾಗಿ ಬಂದವರನ್ನು ನಾನು ಹೊರಗೆ ನಿಲ್ಲಿಸುತ್ತಿದ್ದುದು ನಿಮಗೆ ನೆನಪಿರಬಹುದು.

ಇವುಗಳ ನಂತರ ಬಂದವೇ ದುಬಾರಿ ಔಷಧಗಳು. ಗಡ್ಡೆಗೆ ರಕ್ತನಾಳಗಳು ಬೆಳೆಯದಂತೆ ತಡೆಯುವ ಬೆವಾಸಿಝುಮ್ಯಾಬ್‌ಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2020ರಲ್ಲಿ ಪೆಂಬ್ರೊಲಿಝುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನು, ರೋಗ ಬೇರೆಡೆಗೆ ಹರಡಿದವರಲ್ಲಿ ಒಂದು ವಿಶಿಷ್ಟ ಬಗೆಯ ಗಡ್ಡೆಯುಳ್ಳವರಿಗೆ ಮೊದಲ ಚಿಕಿತ್ಸೆಯಾಗಿಯೇ ಕೊಡಬಹುದೆಂದಾಯಿತು. ಅಂಥವರು ನೂರಕ್ಕೆ ಸುಮಾರು ಐವರು. ಹಳೆಯ ಕಿಮೊದಲ್ಲಿ ಅವರ ರೋಗ ಹತೋಟಿಯಲ್ಲಿದ್ದುದು ಸರಾಸರಿ 8.2 ತಿಂಗಳಾದರೆ, ಹೊಸ ಔಷಧದಲ್ಲಿ 16.5 ತಿಂಗಳು. ಕೆಲವರಲ್ಲಿ ವರ್ಷಗಟ್ಟಲೆ ರೋಗ ಮರಳಿಲ್ಲ. ಆದರೆ ಒಂದೊಂದು ಸರದಿಗೂ ಲಕ್ಷಗಳ ಲೆಕ್ಕ. ನಮ್ಮವರಿಗೆ ಇದು ಕನ್ನಡಿಯೊಳಗಿನ ಗಂಟು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಗೆ ನಗರದ ಒಂದು ಆಸ್ಪತ್ರೆಯಲ್ಲಿ ಕಿಮೊದೊಂದಿಗೆ ಬೆವಾಸಿಝುಮ್ಯಾಬ್ ಬರೆದುಕೊಟ್ಟರು. ಹೊರಗಿನ ಅಂಗಡಿಯಲ್ಲಿ ಬೆಲೆ ಕೇಳಿದ ಮಗ ಊರಿಗೆ ಬಂದು ಕಬ್ಬಿನ ಹೊಲದ ಉತಾರ ಹಿಡಿದು ಅಲೆದಾಡಿದ. ನಾಲ್ಕೆಕರೆಯಲ್ಲಿ ಎರಡೆಕರೆ ಹೋಯಿತು. ತಂದೆಯೂ ಉಳಿಯಲಿಲ್ಲ. ಹೊಲ ಮಾರಿದ್ದನ್ನು ನಾನು ತಪ್ಪೆನ್ನುವುದಿಲ್ಲ. ತಂದೆಗಾಗಿ ಮಗ ಮಾರದೆ ಇನ್ನಾರು ಮಾರಬೇಕು? ನನ್ನ ಸಿಟ್ಟು ಬೇರೆ. ಆ ಔಷಧಕ್ಕೆ ಅನುಮತಿ ತಂದುಕೊಟ್ಟ ಅಧ್ಯಯನದಲ್ಲಿ ರೋಗಿಗಳ ಸರಾಸರಿ ಆಯುಷ್ಯ 15.6 ತಿಂಗಳಿಂದ 20.3 ತಿಂಗಳಿಗೆ ಏರಿತ್ತು. ಎಂದರೆ ಐದು ತಿಂಗಳಿಗೂ ಕಡಿಮೆ. ಈ ಅಂಕಿಯನ್ನು ಅವನಿಗೆ ಯಾರೂ ಹೇಳಲಿಲ್ಲ. "ಹೊಸ ಇಂಜೆಕ್ಷನ್, ಭಾಳ ಚಲೋ ಅದ" ಎಂದಷ್ಟೇ ಹೇಳಿದರು. ಎರಡೆಕರೆಗೆ ಎಷ್ಟು ತಿಂಗಳು ಎಂಬುದನ್ನು ತಿಳಿಯುವ ಹಕ್ಕು ಒಕ್ಕಲಿಗನಿಗಿಲ್ಲವೇ?

"ಬೆಲೆ ಇಳಿಯುವುದು ಸಾಧ್ಯವೇ ಇಲ್ಲ, ಮಾಸ್ತರರು ಕನಸು ಕಾಣುತ್ತಿದ್ದಾರೆ" ಎನ್ನುವವರಿಗೆ ನಡೆದ ಸಂಗತಿಗಳನ್ನೇ ಹೇಳುತ್ತೇನೆ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಬಳಸುವ ನೆಕ್ಸಾವರ್ ಎಂಬ ಔಷಧಕ್ಕೆ ತಿಂಗಳಿಗೆ ಸುಮಾರು 2,80,000 ರೂಪಾಯಿ ಬೆಲೆಯಿತ್ತು. 2012ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿಯು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟಿತು. ಬೆಲೆ 8,880 ರೂಪಾಯಿಗೆ ಬಂತು. 2019ರ ಫೆಬ್ರುವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರವು 42 ಕ್ಯಾನ್ಸರ್ ಔಷಧಗಳ ಮೇಲಿನ ವ್ಯಾಪಾರಿ ಲಾಭವನ್ನು ಶೇ. 30ಕ್ಕೆ ಮಿತಿಗೊಳಿಸಿತು. ಶ್ವಾಸಕೋಶದ ಕ್ಯಾನ್ಸರಿನ ಪೆಮೆಟ್ರೆಕ್ಸೆಡ್ ಔಷಧದ ಒಂದು ಬ್ರ್ಯಾಂಡ್ 22,000 ರೂಪಾಯಿಯಿಂದ 2,800ಕ್ಕೆ ಇಳಿಯಿತು. ಹಿಂದಿನ ದಿನದವರೆಗೆ ಆ ಹತ್ತೊಂಬತ್ತು ಸಾವಿರ ಯಾರ ಕಿಸೆಗೆ ಹೋಗುತ್ತಿತ್ತು? ಯಾವ ಸಂಶೋಧನೆಗೆ ಹೋಗುತ್ತಿತ್ತು?

ಕರುಳಿನ ಕ್ಯಾನ್ಸರಿನದೇ ಉದಾಹರಣೆ ಬೇಕೆನ್ನುವಿರಾದರೆ ಅಮೆರಿಕಕ್ಕೆ ಹೋಗೋಣ. 2012ರಲ್ಲಿ ಝಾಲ್ಟ್ರಾಪ್ ಎಂಬ ಹೊಸ ಔಷಧ ಬಂದಾಗ, ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ವೈದ್ಯರು "ಇದು ಬೆವಾಸಿಝುಮ್ಯಾಬ್‌ಗಿಂತ ಮೇಲಲ್ಲ, ಬೆಲೆ ಮಾತ್ರ ಎರಡು ಪಟ್ಟು, ನಾವು ಬಳಸುವುದಿಲ್ಲ" ಎಂದು ಪತ್ರಿಕೆಯಲ್ಲಿಯೇ ಸಾರಿದರು. ಕೆಲವೇ ವಾರಗಳಲ್ಲಿ ಕಂಪನಿ ಬೆಲೆಯನ್ನು ಅರ್ಧಕ್ಕೆ ಇಳಿಸಿತು. ವೈದ್ಯರು ಒಲ್ಲೆ ಎಂದರೆ ಕಂಪನಿ ಬಾಗುತ್ತದೆ. ನಮ್ಮ ವೈದ್ಯರು ಒಟ್ಟಾಗಿ ಒಲ್ಲೆ ಎನ್ನುವುದು ಎಂದು?

ಸಂಶೋಧನೆಗೆ ಕೋಟಿಗಟ್ಟಲೆ ಖರ್ಚಾಗಿದೆ, ಅದನ್ನು ಕಂಪನಿ ಹಿಂಪಡೆಯಬೇಡವೇ ಎಂಬ ವಾದವುಂಟು. ಹಿಂಪಡೆಯಲಿ. ಆದರೆ ಬೇರುಗಳನ್ನೂ ನೋಡಬೇಕು. ಆಕ್ಸಾಲಿಪ್ಲಾಟಿನ್ ಹುಟ್ಟಿದ್ದು ಜಪಾನಿನ ನಗೋಯಾ ನಗರ ವಿಶ್ವವಿದ್ಯಾಲಯದಲ್ಲಿ. ಇಮ್ಯುನೊಥೆರಪಿಗೆ ಆಧಾರವಾದ ಪಿಡಿ-1 ಅಣುವನ್ನು 1992ರಲ್ಲಿ ಗುರುತಿಸಿದವರು ಕ್ಯೋಟೊ ವಿಶ್ವವಿದ್ಯಾಲಯದ ತಾಸುಕು ಹೊಂಜೊ. ಅದಕ್ಕಾಗಿ ಅವರಿಗೆ 2018ರ ನೊಬೆಲ್ ಬಂತು. ಬಿತ್ತಿದ ಹೊಲ ಸಾರ್ವಜನಿಕರದು, ರಾಶಿ ಮಾತ್ರ ಖಾಸಗಿಯವರದು ಎಂಬ ನ್ಯಾಯವನ್ನು ನಮ್ಮ ಯಾವ ಪಂಚರೂ ಒಪ್ಪಲಾರರು.

ಸರ್ಕಾರದ ಬಳಿ ಹಣವಿಲ್ಲ ಎಂಬುದು ಎರಡನೆಯ ವಾದ. ನಮ್ಮ ಊರಿನ ಹೆಸರನ್ನೇ ಹೊತ್ತ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯನ್ನು ನೆನೆಯಿರಿ. ಕೃಷ್ಣೆಯ ನೀರನ್ನು ಎತ್ತಿ ವಿಜಯಪುರ ಜಿಲ್ಲೆಯ ಬರಡು ನೆಲಕ್ಕೆ ಹರಿಸಲು ಇದೇ ಸರ್ಕಾರ ದೊಡ್ಡ ಮೊತ್ತವನ್ನು ಹೂಡಿತು. ಒಳ್ಳೆಯದೇ ಆಯಿತು. ಆದರೆ ನೀರನ್ನು ಏರಿಗೆ ಎತ್ತಬಲ್ಲವರಿಗೆ ಔಷಧವನ್ನು ಇಳಿಜಾರಿನಲ್ಲಿ ತರುವುದು ಅಸಾಧ್ಯವೇ? ಮೇಲಾಗಿ, ಒಟ್ಟಾಗಿ ಕೊಂಡರೆ ಖರ್ಚೂ ಇಳಿಯುತ್ತದೆ. ಸೊಸೈಟಿಯಿಂದ ಗೊಬ್ಬರ ತರಿಸುವ ರೈತನಿಗೆ ಗೊತ್ತಿರುವ ಲೆಕ್ಕವಿದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ನೇತೃತ್ವದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 40 ಔಷಧಗಳಿಗೆ ಒಟ್ಟಾಗಿ ಚೌಕಾಸಿ ಮಾಡಿ, ಮುದ್ರಿತ ಬೆಲೆಗೆ ಹೋಲಿಸಿದರೆ ಶೇ. 80ಕ್ಕಿಂತ ಹೆಚ್ಚು ಉಳಿಸಿತು. ಬೆವಾಸಿಝುಮ್ಯಾಬ್‌ನ ಸಮಾನ ರೂಪವನ್ನು ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ 2017ರಿಂದ ಮಾರುಕಟ್ಟೆಗೆ ಬಿಟ್ಟಿದೆ. ಚೌಕಾಸಿಗೆ ಸ್ವಿಟ್ಜರ್ಲೆಂಡಿಗೆ ಹೋಗಬೇಕಾಗಿಲ್ಲ.

ಇನ್ನು ಕಾರ್ಡಿನ ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಅನೇಕರನ್ನು ಉಳಿಸಿದೆ, ಅದನ್ನು ಹಳಿಯಲಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ಅದೂ ಒಂದೂವರೆ ಲಕ್ಷದೊಳಗೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಔಷಧಕ್ಕೆ ಕಾರ್ಡು ಬರಿಯ ಕಾಗದ. ಇಮ್ಯುನೊಥೆರಪಿಯ ಬೆಲೆಗೆ ಇಡೀ ಮನೆಯ ಐದು ಲಕ್ಷವೂ ಕೆಲವೇ ಸರದಿಗಳಲ್ಲಿ ಕರಗುತ್ತದೆ.

ದಾರಿಯೂ ಒಂದು ವೆಚ್ಚವೇ. ಆಕ್ಸಾಲಿಪ್ಲಾಟಿನ್ ಕೂಡಿದ ಕಿಮೊವನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ, ಹನ್ನೆರಡು ಸರದಿಯವರೆಗೆ ಕೊಡುತ್ತಾರೆ. ಒಂದೊಂದು ಸರದಿಯಲ್ಲೂ ಒಂದು ಔಷಧ 46 ತಾಸು ಹನಿಯಬೇಕು. ನಮ್ಮವರು ಮಿರಜಕ್ಕೋ ಹುಬ್ಬಳ್ಳಿಯ ನವನಗರಕ್ಕೋ ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಕಿದ್ವಾಯಿಗೋ ಹನ್ನೆರಡು ಬಾರಿ ಹೋಗಿಬರಬೇಕು. ಜೊತೆಗೊಬ್ಬರು, ಅವರ ಕೂಲಿ ನಷ್ಟ ಬೇರೆ. ನಾಲ್ಕನೆಯ ಸರದಿಗೇ ಬಿಟ್ಟುಬಿಟ್ಟವರಿದ್ದಾರೆ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕಿಮೊ ಕೇಂದ್ರಗಳನ್ನು ಆರಂಭಿಸಿದ್ದು ಸರಿಯಾದ ಹೆಜ್ಜೆ. ಇದು ಹದಿನಾರಕ್ಕೇ ನಿಲ್ಲಬಾರದು.

ಆದ್ದರಿಂದ ನನ್ನ ಬೇಡಿಕೆಗಳು ಇವು. ಒಂದು, ಕರುಳಿನ ಕ್ಯಾನ್ಸರಿನ ಪ್ರತಿ ರೋಗಿಗೂ ಗಡ್ಡೆಯ ಎಮ್‌ಎಮ್‌ಆರ್ ಪರೀಕ್ಷೆ ಉಚಿತವಾಗಲಿ. ಇಮ್ಯುನೊಥೆರಪಿ ಯಾರಿಗೆ ಫಲಿಸುತ್ತದೆಂದು ಅದರಿಂದಲೇ ತಿಳಿಯುತ್ತದೆ. ಎರಡು, ಆ ನೂರಕ್ಕೆ ಐವರಿಗಾದರೂ ರಾಜ್ಯವೇ ಒಟ್ಟಾಗಿ ಕೊಂಡು ಔಷಧ ಕೊಡಲಿ. ಕಂಪನಿ ಬಗ್ಗದಿದ್ದರೆ ಕೇಂದ್ರ ಸರ್ಕಾರ ಕಡ್ಡಾಯ ಪರವಾನಗಿಯ ಅಸ್ತ್ರವನ್ನು ಮತ್ತೆ ಹೊರತೆಗೆಯಲಿ. 2012ರಲ್ಲಿ ಒಮ್ಮೆ ಬಳಸಿದ ಕತ್ತಿಗೆ ಒರೆಯಲ್ಲೇ ತುಕ್ಕು ಹಿಡಿಯುತ್ತಿದೆ. ಮೂರು, ದುಬಾರಿ ಔಷಧ ಬರೆಯುವ ವೈದ್ಯರು ಅದರಿಂದ ದೊರೆಯಬಹುದಾದ ಲಾಭವನ್ನೂ ತಗಲುವ ಒಟ್ಟು ವೆಚ್ಚವನ್ನೂ ಕನ್ನಡದಲ್ಲಿ ಬರೆದುಕೊಡಲಿ.

ನಿಮ್ಮಲ್ಲಿ ವೈದ್ಯರಿದ್ದೀರಿ, ಔಷಧ ಕಂಪನಿಗಳಲ್ಲಿ ದುಡಿಯುವವರಿದ್ದೀರಿ, ವಿಧಾನಸೌಧದ ಕಚೇರಿಗಳಲ್ಲಿ ಕುಳಿತವರೂ ಇದ್ದೀರಿ. ಮೂರನೆಯ ಬೇಡಿಕೆಗೆ ಯಾವ ಆದೇಶವೂ ಬೇಕಾಗಿಲ್ಲ. ವೈದ್ಯರಾದ ನನ್ನ ಶಿಷ್ಯರು ನಾಳೆಯಿಂದಲೇ ಆರಂಭಿಸಬಹುದು. ಊರಲ್ಲಿರುವವರು ಇನ್ನೊಂದು ಕೆಲಸ ಮಾಡಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಿ ಗಿಡಮೂಲಿಕೆಗೆ ಓಡಬೇಡಿ, ವೈದ್ಯರಿಗೆ ತೋರಿಸಿ. ಬೇಗ ಸಿಕ್ಕ ಗಡ್ಡೆ ಶಸ್ತ್ರಚಿಕಿತ್ಸೆಯಲ್ಲೇ ಗುಣವಾಗುವ ಸಂಭವ ಹೆಚ್ಚು. ಆಗ ಈ ದುಬಾರಿ ಔಷಧದ ಪ್ರಶ್ನೆಯೇ ಬಹುಪಾಲು ಏಳುವುದಿಲ್ಲ.

ಒಪ್ಪದವರು ಎಂದಿನಂತೆ ಪತ್ರ ಬರೆಯಿರಿ. ವಾದಕ್ಕೆ ನಾನು ಸಿದ್ಧನಿದ್ದೇನೆ.