ಮೂಲರೂಪ ಯಾವುದು?

ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ಪಕ್ಕದ ಓಣಿಯಲ್ಲಿ, ತೆಂಗಿನ ಮರಕ್ಕೂ ಕಾಂಪೌಂಡು ಗೋಡೆಗೂ ನಡುವೆ, 1952ನೆಯ ಇಸವಿಯ ಒಂದು ವಿಲ್ಲಿಸ್ ಪಿಕಪ್ಪು ನಿಂತಿದೆ. ಅದು ಅಲ್ಲಿ ನಿಂತದ್ದು ನಾನು ಹುಟ್ಟುವುದಕ್ಕೆ ಮೊದಲು. ಅದರ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿದೆ, ಸೀಟಿನ ಕೆಳಗೆ ಬೆಕ್ಕು ಮೂರು ಸಲ ಮರಿ ಹಾಕಿದೆ, ಒಳಗೆ ಕುಳಿತು ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದಿದ್ದೇನೆ. ಹೋದ ಬೇಸಗೆಯ ರಜದಲ್ಲಿ ನಾನೂ ನನ್ನ ಚಿಕ್ಕಪ್ಪನವರೂ ಸೇರಿ ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದು ಸಂಕಲ್ಪ ಮಾಡಿದೆವು. ಕೆಲಸ ಅರ್ಧಕ್ಕೆ ಬಂದಾಗ ಗೊತ್ತಾಯಿತು, ನಾವಿಬ್ಬರೂ ಇಳಿಸಹೊರಟಿರುವುದು ಒಂದೇ ಗಾಡಿಯನ್ನಲ್ಲವೆಂದು. ಈ ಲೇಖನ ಆ ಜಗಳದಿಂದ ಹುಟ್ಟಿದ್ದು. ಚಿಕ್ಕಪ್ಪನವರಿಗೆ ನಮ್ಮ ಕಾಲೇಜಿನ ಸಂಚಿಕೆಯಲ್ಲಿ ಉತ್ತರ ಕೊಡುವ ಅವಕಾಶವಿಲ್ಲವಾದ್ದರಿಂದ ಅವರ ಪಕ್ಷವನ್ನೂ ನಾನೇ ನ್ಯಾಯವಾಗಿ ಹೇಳಬೇಕು; ಪ್ರಯತ್ನಿಸುತ್ತೇನೆ.

ಗಾಡಿಯನ್ನು ಕೊಂಡವರು ನನ್ನ ಮುತ್ತಾತ, 1961ರಲ್ಲಿ, ಎರಡನೆಯ ಕೈಯಿಂದ. ಆಗ ತರಗುಪೇಟೆಯಲ್ಲಿ ನಮ್ಮದೊಂದು ದವಸದ ಮಂಡಿಯಿತ್ತು. ತಾತನೇ ಡ್ರೈವರು. ವಾರವೆಲ್ಲ ರಾಗಿ, ಹುರುಳಿ, ಅವರೆಯ ಮೂಟೆಗಳು. ಕಾರ್ತಿಕಮಾಸದಲ್ಲಿ ಬಸವನಗುಡಿಯ ಪರಿಷೆಗೆ ಕಡಲೆಕಾಯಿ. ವರ್ಷಕ್ಕೊಂದು ಸಲ ಮನೆಮಂದಿಯೆಲ್ಲ ಹಿಂದೆ ಜಮಖಾನ ಹಾಸಿಕೊಂಡು ಕುಳಿತು ಘಾಟಿ ಸುಬ್ರಹ್ಮಣ್ಯಕ್ಕೆ ಪ್ರಯಾಣ. ದವಸದ ವ್ಯಾಪಾರದ ಬಹುಪಾಲು ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಹೋದ ಮೇಲೆ ಮಂಡಿ ಮುಚ್ಚಿತು, ಗಾಡಿ ಓಣಿ ಸೇರಿತು.

ವಿಲ್ಲಿಸ್ ಕಂಪೆನಿ ಅಮೆರಿಕದಲ್ಲಿ ಈ ಪಿಕಪ್ಪನ್ನು 1947ರಿಂದ 1965ರ ವರೆಗೆ ತಯಾರಿಸಿತು. ಯುದ್ಧದ ಜೀಪಿನ ಮುಖ, ಅದರ ಹಿಂದೆ ಸಾಮಾನು ಹೊರುವ ತೊಟ್ಟಿ. ಇದರ ತಗಡು ಎಲ್ಲಿಯೂ ಅಷ್ಟಾಗಿ ಬಾಗಿ ಬಳುಕಿಲ್ಲ. ಮಡ್‌ಗಾರ್ಡು ಊಟದ ಮಣೆಯಂತೆ ಚಪ್ಪಟೆ. ಅದಕ್ಕೊಂದು ಕಾರಣವುಂಟು. ಯುದ್ಧ ಮುಗಿದ ಹೊಸತರಲ್ಲಿ ಕಾರಿನ ತಗಡು ಒತ್ತುವ ಕಾರ್ಖಾನೆಗಳೆಲ್ಲ ದೊಡ್ಡ ಕಂಪೆನಿಗಳ ಕೆಲಸದಲ್ಲಿ ಮುಳುಗಿದ್ದುವು. ವಿಲ್ಲಿಸ್‌ನವರು ಮನೆಬಳಕೆಯ ಯಂತ್ರಗಳಿಗೆ ತಗಡು ಒತ್ತುತ್ತಿದ್ದವರ ಬಳಿಗೆ ಹೋಗಬೇಕಾಯಿತು. ಆ ಯಂತ್ರಗಳಲ್ಲಿ ಆರು ಅಂಗುಲಕ್ಕಿಂತ ಆಳವಾದ ಬಾಗು ಬರುತ್ತಿರಲಿಲ್ಲ. ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರ ಆ ಮಿತಿಯೊಳಗೇ ಜೀಪ್ ಸ್ಟೇಷನ್ ವ್ಯಾಗನ್ನಿನ ಆಕಾರ ಬರೆದ. ಪಿಕಪ್ಪಿನ ಮುಂಭಾಗವೂ ಅದೇ ಅಚ್ಚಿನದು. ಅಂದಿನ ಆ ಬಡತನದ ಫಲ ಇಂದು ನಮಗೆ ದಕ್ಕಿದೆ: ಸುತ್ತಿಗೆಯೂ ಮರದ ದಿಮ್ಮಿಯೂ ಇದ್ದರೆ ಇದರ ನೆಗ್ಗನ್ನು ಮನೆಯ ಓಣಿಯಲ್ಲಿಯೇ ತೆಗೆಯಬಹುದು. ಇಂದಿನ ಕಾರಿನ ಬಾಗಿಲಿನ ಮೇಲೆ ಈ ಪ್ರಯೋಗ ಮಾಡಿ ನೋಡಿರೆಂದು ನಾನು ಯಾರಿಗೂ ಹೇಳಲಾರೆ.

ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಜೀಪುಗಳ ಜೋಡಣೆಗೆ 1947ರಲ್ಲಿ ತೊಡಗಿದರು. ಅದಕ್ಕೂ ಮೊದಲೇ, 1928ರಿಂದ, ಜನರಲ್ ಮೋಟಾರ್ಸ್‌ನವರು ಮುಂಬಯಿಯಲ್ಲಿ ಷೆವರ್ಲೆಗಳನ್ನು ಜೋಡಿಸುತ್ತಿದ್ದರು. ಇಲ್ಲಿಯೇ ಭಾಗಗಳನ್ನು ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವವರಿಗೆ ಅವಕಾಶವಿರಕೂಡದೆಂದು 1953ರಲ್ಲಿ ಟ್ಯಾರಿಫ್ ಕಮಿಷನ್ ಹೇಳಿತು. 1954ರಲ್ಲಿ ಅವರು ಬಾಗಿಲು ಹಾಕಿಕೊಂಡು ಹೋದರು. ಮಹೀಂದ್ರದವರು ಉಳಿದುಕೊಂಡು ಭಾಗಗಳನ್ನೂ ಇಲ್ಲಿಯೇ ಮಾಡಿದರು. ನಮ್ಮ ಪಿಕಪ್ಪಿನ ನಾಲ್ಕು ಸಿಲಿಂಡರಿನ ‘ಹರಿಕೇನ್’ ಎಂಜಿನ್ನೇ ನಮ್ಮ ಊರುಗಳಲ್ಲೆಲ್ಲ ಓಡಾಡಿದ ಸಿ.ಜೆ. 3ಬಿ ಜೀಪಿನಲ್ಲಿಯೂ ಇದ್ದುದರಿಂದ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅದರ ವಾಲ್ವು, ಗ್ಯಾಸ್ಕೆಟ್ಟುಗಳನ್ನು ಕೇಳಿದರೆ ಯಾರೂ ನಗುವುದಿಲ್ಲ. ಬಾಗಿಲಿನ ಹಿಡಿ ಕೇಳಿದರೆ ಮಾತ್ರ ನಗುತ್ತಾರೆ.

ಮನೆಯಲ್ಲಿ ಮಾಡುವ ಕೆಲಸದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಮೊದಲನೆಯ ತಿಂಗಳೆಲ್ಲ ನಾವು ಮಾಡಿದ್ದು ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿದ್ದು. ಸಂಜೆ ಹಾಕುವುದು, ಬೆಳಗ್ಗೆ ತಿರುಗಿಸಿ ನೋಡುವುದು, ತಿರುಗದಿದ್ದರೆ ಮತ್ತೆ ಹಾಕುವುದು. ಇಂಚಿನ ಅಳತೆಯ ಬೋಲ್ಟಿಗೆ ಮಿಲಿಮೀಟರಿನ ಸ್ಪ್ಯಾನರು ಹಾಕಿ ಎರಡರ ಮೂಲೆಯನ್ನು ಕೆಡಿಸಿದ ಮೇಲೆ ನನಗೆ ಬುದ್ಧಿ ಬಂದು, ಸಂಡೆ ಬಜಾರಿನಲ್ಲಿ ಇಂಚಿನ ಸ್ಪ್ಯಾನರುಗಳ ಹಳೆಯ ಸೆಟ್ಟೊಂದನ್ನು ಕೊಂಡೆ. ಕೈಗೆ ಹತ್ತಿದ ಗ್ರೀಸು ಕಾಲೇಜಿಗೆ ಬರುವ ಹೊತ್ತಿಗೂ ಉಗುರಿನಲ್ಲಿ ಉಳಿದಿರುತ್ತಿತ್ತು. ‘ಹುಡುಗಿಯ ಕೈ ಇದೇನೆ?’ ಎಂದು ಅತ್ತೆ ಕೇಳಿದ್ದುಂಟು; ಸೀಗೆಪುಡಿ ಕೊಟ್ಟವರೂ ಅವರೇ.

ತಗಡಿನ ಕೆಲಸಕ್ಕೆ ಕಲಾಸಿಪಾಳ್ಯದಿಂದ ಒಬ್ಬ ವೃದ್ಧ ಮೇಸ್ತ್ರಿಗಳು ಭಾನುವಾರ ಬರುತ್ತಾರೆ. ನೆಲದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಸಾಲದೇ ಎಂದು ಚಿಕ್ಕಪ್ಪನವರು ಕೇಳಿದಾಗ ಅವರು ಸ್ಕ್ರೂಡ್ರೈವರನ್ನು ತುಕ್ಕಿನ ಮೇಲಿಟ್ಟು ಮೆಲ್ಲಗೆ ಒತ್ತಿದರು. ಅದು ನೆಟ್ಟಗೆ ತೂರಿ ಕೆಳಗಿನ ಮಣ್ಣಿಗೆ ನಾಟಿತು. ‘ಇದರ ಮೇಲೆ ನಿಮ್ಮ ಕಾಲು ಇರೋದು ಸಾರ್’ ಎಂದರು. ಕೊಳೆತಷ್ಟನ್ನೂ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಬೆಸೆದದ್ದಾಯಿತು.

ಬ್ರೇಕಿನ ವಿಷಯದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಆ ಕಾಲದ ಗಾಡಿಗಳಲ್ಲಿ ನಾಲ್ಕು ಚಕ್ರದ ಬ್ರೇಕಿಗೂ ಎಣ್ಣೆ ಹೋಗುವುದು ಒಂದೇ ದಾರಿಯಲ್ಲಿ. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋದುವು. ಆದ್ದರಿಂದ ಮುಂದಿನದಕ್ಕೊಂದು, ಹಿಂದಿನದಕ್ಕೊಂದು ಎಂದು ಎರಡು ದಾರಿಯ ಮಾಸ್ಟರ್ ಸಿಲಿಂಡರು ಹಾಕಿದ್ದೇವೆ. ಸೀಟಿಗೆ ಬೆಲ್ಟು ಬಂತು. ಆರು ವೋಲ್ಟಿನ ದೀಪ ಎದುರಿನವರಿಗೆ ನಾವಿದ್ದೇವೆಂದು ತಿಳಿಸಲಿಕ್ಕೂ ಸಾಲದು, ಹನ್ನೆರಡಕ್ಕೆ ಬದಲಾಯಿಸಿದೆವು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನ ವರೆಗೆ ಎಥನಾಲ್ ಇರುವುದರಿಂದ, ಹಳೆಯ ರಬ್ಬರನ್ನು ಅದು ಕರಗಿಸೀತೆಂದು ಪೆಟ್ರೋಲಿನ ಕೊಳವೆಗಳೂ ಹೊಸವಾದುವು. ಈ ಬದಲಾವಣೆಗಳನ್ನು ಅಪಚಾರವೆನ್ನುವವರು ಒಮ್ಮೆ ಗಾಂಧಿಬಜಾರಿನ ಸಂಜೆಯ ಜನಸಂದಣಿಯಲ್ಲಿ ಹಳೆಯ ಬ್ರೇಕನ್ನು ತುಳಿದು ನೋಡಬೇಕು.

ಜಗಳ ಶುರುವಾದದ್ದು ಇದರ ಮುಂದೆ. ಚಿಕ್ಕಪ್ಪನವರ ಇಷ್ಟ ಹೀಗಿದೆ: ಪೆಟ್ರೋಲು ಎಂಜಿನ್ನು ತೆಗೆದು ಡೀಸೆಲ್ಲಿನದನ್ನು ಇಡುವುದು, ಅಗಲವಾದ ಟೈರು, ಮಿರುಗುವ ಚಕ್ರ, ತಲೆಯ ಮೇಲೊಂದು ದೀಪಗಳ ಸಾಲು, ಕರಿಯ ಬಣ್ಣ. ಅವರ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ‘ಓಡದ ಗಾಡಿಗೆ ಯಾರೂ ಖರ್ಚು ಮಾಡುವುದಿಲ್ಲ, ಹುಡುಗರು ತಿರುಗಿ ನೋಡುವಂತಿದ್ದರೆ ತಾನೆ ನನ್ನ ಮಕ್ಕಳೂ ಇದನ್ನು ಉಳಿಸಿಕೊಂಡಾರು’ ಎನ್ನುತ್ತಾರೆ. ಕಾನೂನು ಅವರಿಗೆ ಅಡ್ಡ ಬರುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಕೇರಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಎಂಜಿನ್ನು ಬದಲಾಯಿಸಲು ಅನುಮತಿ ಬೇಕು. ಆದರೆ ಪೊಲೀಸಿನವರ ಭಯ ತೋರಿಸಿ ವಾದ ಗೆಲ್ಲುವುದು ನನಗೆ ರುಚಿಸದು. ಅನುಮತಿ ಸಿಕ್ಕರೂ ನನಗದು ಬೇಡ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಂಡು ಯಾವ ಗಾಡಿಗೆ ಬೇಕಾದರೂ ಹಚ್ಚಬಹುದಾದ ಸಾಮಾನನ್ನು ಹಚ್ಚಿದಷ್ಟೂ ಈ ಗಾಡಿ ನಮ್ಮದಲ್ಲವಾಗುತ್ತ ಹೋಗುತ್ತದೆ.

ಹಾಗೆಂದು ಎದುರು ಪಕ್ಷದವರನ್ನೂ ನಾನು ಒಪ್ಪುವುದಿಲ್ಲ. ಹಳೆಯ ಕಾರುಗಳ ವಿಷಯ ಬಲ್ಲ ಪರಿಚಯಸ್ಥರೊಬ್ಬರು ಮನೆಗೆ ಬಂದಿದ್ದರು. ಗಾಡಿಯನ್ನು ಸುತ್ತಿ ನೋಡಿ, ತೊಟ್ಟಿಯ ಎರಡು ಬದಿಗೂ ಏರಿಸಿರುವ ಮರದ ಹಲಗೆಗಳನ್ನೂ ಹಗ್ಗ ಕಟ್ಟುವ ಕಬ್ಬಿಣದ ಕೊಕ್ಕೆಗಳನ್ನೂ ತೋರಿಸಿ, ‘ಇವೆಲ್ಲ ಕಾರ್ಖಾನೆಯವಲ್ಲ, ತೆಗೆಸಿಬಿಡಿ’ ಎಂದರು. ಅವರ ಮಾತಿಗೆ ಸರ್ಕಾರದ ಬೆಂಬಲವೂ ಇದೆ. 2021ರ ಜುಲೈಯಲ್ಲಿ ಹೊರಟ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಸ್ವಂತ ಬಳಕೆಯ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಅನಂತರ 5,000 ರೂಪಾಯಿ. ಆದರೆ ಗಾಡಿ ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗಿರಕೂಡದು. ಮತ್ತು ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು ತುಂಬಿಸುವುದಕ್ಕೆ, ರಿಪೇರಿಗೆ ಹೊರತು ರಸ್ತೆಯಲ್ಲಿ ಓಡಿಸಕೂಡದು. ರಾಜರ ರೋಲ್ಸ್ ರಾಯ್ಸಿಗೆ ಇದು ಸರಿಯಿರಬಹುದು. ಮೂಟೆ ಹೊರಲೆಂದೇ ಹುಟ್ಟಿದ ಗಾಡಿಯನ್ನು ಪೆಟ್ರೋಲು ತುಂಬಿಸಲು ಮಾತ್ರ ಹೊರಗೆ ಬಿಡುವುದೆಂದರೆ, ಎತ್ತನ್ನು ಕೊಟ್ಟಿಗೆಯಿಂದ ನೀರಿನ ತೊಟ್ಟಿಗೆ ಮಾತ್ರ ನಡೆಸಿದಂತೆ.

ನಾನು ಇತಿಹಾಸದ ವಿದ್ಯಾರ್ಥಿನಿ. ಶಾಸನದ ಕಲ್ಲಿನ ಮೇಲೆ ಮುಂದಿನ ಕಾಲದವರು ಎರಡು ಸಾಲು ಸೇರಿಸಿದ್ದರೆ, ಮೂಲ ಬೇಕೆಂದು ಆ ಸಾಲುಗಳನ್ನು ಯಾರೂ ಉಜ್ಜಿ ಅಳಿಸುವುದಿಲ್ಲ. ಈ ಮಾತು ನನಗೆ ಹೊಳೆದದ್ದು ತರಗತಿಯಲ್ಲಲ್ಲ, ಬಾಗಿಲನ್ನು ಮರಳು ಕಾಗದದಿಂದ ಉಜ್ಜುತ್ತಿದ್ದಾಗ. ಮೇಲಿನ ನೀಲಿ ಹೋಗಿ ಹಸಿರು ಕಂಡಿತು. ಹಸಿರನ್ನು ಉಜ್ಜುತ್ತಿದ್ದಂತೆ ಹಳದಿಯ ಗೆರೆಯೊಂದು, ಅದರ ಪಕ್ಕದಲ್ಲಿ ಒತ್ತಕ್ಷರದ ಬಾಲವೊಂದು ಮೂಡಿತು. ಕೈ ನಿಲ್ಲಿಸಿದೆ. ನಮ್ಮ ಮಂಡಿಯ ಹೆಸರು, ಅದರ ಕೆಳಗೆ ‘ತರಗುಪೇಟೆ, ಬೆಂಗಳೂರು’ ಎಂದು, ಕುಂಚದಲ್ಲಿ ಬರೆದ ದುಂಡನೆಯ ಅಕ್ಷರಗಳು. ಆ ಹೆಸರಿನ ಫಲಕ ಇಂದು ತರಗುಪೇಟೆಯಲ್ಲಿ ಎಲ್ಲಿಯೂ ಇಲ್ಲ. ಇದನ್ನು ಕೆರೆದು ಕಾರ್ಖಾನೆಯ ಬಣ್ಣ ಬಳಿದರೆ ಮೂಲರೂಪ ಬರುತ್ತದಂತೆ! ಯಾರ ಮೂಲ? ಅಮೆರಿಕದ ಕಾರ್ಖಾನೆಯಿಂದ ಹೊರಬಿದ್ದ ದಿನದ ಗಾಡಿಯನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಿಲ್ಲ. ಮೂಟೆ ಜಾರದಿರಲೆಂದು ಹಲಗೆ ಬಂತು, ಹಗ್ಗಕ್ಕೆ ಕೊಕ್ಕೆ ಬಂತು, ಮಂಡಿಗೆ ಗುರುತಾಗಲೆಂದು ಅಕ್ಷರ ಬಂತು. ಅವೂ ಮಾರ್ಪಾಡುಗಳೇ, ನಾವು ಹಾಕಿದ ಬ್ರೇಕಿನ ಹಾಗೆ. ಕೆಲಸ ಕೇಳಿದ್ದರಿಂದ ಬಂದವು. ಚಿಕ್ಕಪ್ಪನವರ ದೀಪಗಳ ಸಾಲನ್ನು ಕೇಳಿದ ಕೆಲಸ ಯಾವುದು? ಈ ಒಂದು ಪ್ರಶ್ನೆಗೆ ಅವರು ಉತ್ತರ ಕೊಟ್ಟರೆ ನಾನೇ ಏಣಿ ಹಾಕಿ ಕಟ್ಟಿಕೊಡುತ್ತೇನೆ.

ತಾತನನ್ನು ಕೇಳಿದೆವು. ಅವರಿಗೆ ಈಗ 86. ಕುರ್ಚಿ ತರಿಸಿಕೊಂಡು ಓಣಿಯಲ್ಲಿ ಕುಳಿತು ಇಬ್ಬರ ವಾದವನ್ನೂ ಆಲಿಸಿದರು. ಮೂಲ ಬಣ್ಣ ಯಾವುದಿತ್ತು ತಾತ ಎಂದದ್ದಕ್ಕೆ, ‘ಧೂಳಿನ ಬಣ್ಣ ಕಣಮ್ಮ’ ಎಂದರು. ಆಮೇಲೆ ಹಲಗೆಯ ಒಂದು ಕಡೆ ಬೆರಳಾಡಿಸಿ, ಅಲ್ಲಿ ಕೊಕ್ಕೆಯೊಂದು ಇತ್ತಲ್ಲ, ಎಲ್ಲಿ ಹೋಯಿತು ಎಂದು ಕೇಳಿದರು. ಹುಡುಕಿದಾಗ ಅದು ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ತಂತಿಗೆ ಸಿಕ್ಕಿಕೊಂಡಿತ್ತು.

ಇದೆಲ್ಲ ಉಳ್ಳವರ ಹುಚ್ಚು ಎಂದು ಗೆಳತಿಯೊಬ್ಬಳು ಹೇಳಿದಳು. ಖರ್ಚಿನ ಲೆಕ್ಕ ಬರೆದಿಟ್ಟಿದ್ದೇನೆ. ತಂದೆಯವರ ಕಣ್ಣಿಗೆ ಬೀಳದ ಕಡೆ ಇಟ್ಟಿದ್ದೇನೆ. ಹೊಗೆಯ ಆಕ್ಷೇಪಣೆಯೂ ನ್ಯಾಯವಾದದ್ದೇ, ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚಾಗಿ ಅದನ್ನು ಓಡಿಸುವ ಯೋಚನೆ ನನಗಿಲ್ಲ. ನನ್ನನ್ನು ಬಾಧಿಸುವುದು ಬೇರೊಂದು. 1892ರಲ್ಲಿ ಚಾಮರಾಜಪೇಟೆಯನ್ನು ಹಾಕಿದಾಗ ಅಳೆದುಕೊಟ್ಟ ನಿವೇಶನಗಳಲ್ಲಿ ಮನೆಯ ಪಕ್ಕ ಓಣಿಯೂ ಹಿಂದೆ ಹಿತ್ತಿಲೂ ಇದ್ದುವು. ಈಗ ನಮ್ಮ ಬೀದಿಯಲ್ಲಿ ಅಂಥ ಓಣಿ ಉಳಿದಿರುವ ಮನೆಗಳು ಮೂರು. ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಹಳೆಯ ಮನೆ ಕೆಡವಿದ ಕಡೆ ನಾಲ್ಕಂತಸ್ತು ಏಳುತ್ತದೆ. ಕೆಳಗೆ ಕಾರು ನಿಲ್ಲಿಸಬಹುದು, ಬಿಚ್ಚುವಂತಿಲ್ಲ. ನಮ್ಮ ಮನೆಗೂ ಕಟ್ಟಡದವರು ಎರಡು ಸಲ ಬಂದು ಹೋಗಿದ್ದಾರೆ, ಪಾಲಿನ ಮಾತೂ ಎದ್ದಿದೆ. ಗಾಡಿಯನ್ನು ಬೇಗ ನಡೆಯುವಂತೆ ಮಾಡಬೇಕೆಂದು ನಾನೂ ಚಿಕ್ಕಪ್ಪನವರೂ ಇಷ್ಟು ಅವಸರಪಡುತ್ತಿರುವುದು ಅದಕ್ಕಾಗಿಯೇ. ಈ ಮಾತನ್ನು ಮಾತ್ರ ನಾವಿಬ್ಬರೂ ಪರಸ್ಪರ ಆಡಿಲ್ಲ.

ಸದ್ಯಕ್ಕೆ ಒಂದು ರಾಜಿಯಾಗಿದೆ. ಆಯುಧಪೂಜೆಯ ವರೆಗೆ ಎಂಜಿನ್ನನ್ನೂ ಬಾಗಿಲುಗಳನ್ನೂ ಯಾರೂ ಮುಟ್ಟಕೂಡದು. ಅಷ್ಟರಲ್ಲಿ ವಾಚಕರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ವಿಲ್ಲಿಸ್ ಪಿಕಪ್ಪಿನ ಎಡಗಡೆಯ ಬಾಗಿಲಿನ ಹಿಡಿ ಬಿದ್ದಿದ್ದರೆ, ದಯವಿಟ್ಟು ದ್ವಿತೀಯ ವರ್ಷದ ಇತಿಹಾಸ ತರಗತಿಯಲ್ಲಿ ವಿಚಾರಿಸಬೇಕು. ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ. ಸೀಮೆಎಣ್ಣೆ ಇನ್ನೂ ಉಳಿದಿದೆ.