ಬೋರ್ಡು ನಮ್ಮದು, ಬಸ್ಸು ಯಾರದ್ದು?

ಹಿಂದಿನ ಮಳೆಗಾಲದ ಒಂದು ಸಂಜೆ ನಾನಿದ್ದ ಎಲೆಕ್ಟ್ರಿಕ್ ಬಸ್ಸು ಮೇಲ್ಸೇತುವೆಯ ಏರಿನಲ್ಲಿ ನಿಂತುಬಿಟ್ಟಿತು. ಯಾವ ಊರು, ಯಾವ ಕಂಪನಿ ಎಂದು ಹೇಳಲು ಹೋಗುವುದಿಲ್ಲ. ಚಾಲಕನ ಮುಂದಿನ ಪರದೆಯಲ್ಲಿ ಕೆಂಪು ಗುರುತೊಂದು ಮಿನುಗುತ್ತಿತ್ತು. ಆತ ಒಮ್ಮೆ ಆಫ್ ಮಾಡಿ ಆನ್ ಮಾಡಿದ, ಮತ್ತೊಮ್ಮೆ ಮಾಡಿದ, ಆಮೇಲೆ ತನ್ನ ಕಂಪನಿಯ ಸೂಪರ್‌ವೈಸರ್‌ಗೆ ಫೋನ್ ಹಚ್ಚಿದ. ಕಂಡಕ್ಟರ್ ತಮ್ಮ ಡಿಪೊಗೆ ಫೋನ್ ಮಾಡಿದರು. ‘ಅದು ನಮ್ಮ ಗಾಡಿ ಅಲ್ವಲ್ಲ, ಕಂಪನಿಯವರಿಗೇ ಹೇಳಿ’ ಎಂಬ ಉತ್ತರ ಬಂತು. ಹಿಂದೆ ವಾಹನಗಳ ಸಾಲು ಬೆಳೆಯುತ್ತಿತ್ತು. ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬರು ಕಂಡಕ್ಟರನ್ನು ಕೇಳಿದರು: ‘ಮುಂದೆ ನಿಮ್ಮದೇ ಬೋರ್ಡ್ ಇದೆಯಲ್ಲಪ್ಪ, ನಿಮ್ಮ ಗಾಡಿ ಹೆಂಗೆ ಅಲ್ಲ?’ ಕಂಡಕ್ಟರ್ ಸುಮ್ಮನೆ ನಿಂತರು.

ಆ ಹೆಂಗಸಿನ ಪ್ರಶ್ನೆಯನ್ನು ಇಡೀ ಬೆಂಗಳೂರು ಈಗ ಕೇಳಬೇಕಾಗಿದೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿನ ಪಾಲಿಗೆ 4,500 ಎಲೆಕ್ಟ್ರಿಕ್ ಬಸ್ಸುಗಳು ಹಂಚಿಕೆಯಾಗಿವೆ. ಹೈದರಾಬಾದಿಗೆ 2,000, ದೆಹಲಿಗೆ 2,800; ನಮ್ಮದೇ ಎಲ್ಲಕ್ಕಿಂತ ದೊಡ್ಡ ಪಾಲು. ಬಿಎಂಟಿಸಿಯ ಒಟ್ಟು ಬಸ್ಸುಗಳೇ ಸುಮಾರು 7,000 ಇರುವಾಗ ಇದು ಸಣ್ಣ ಬದಲಾವಣೆಯಲ್ಲ. ಹೊಗೆಯಿಲ್ಲದ ಬಸ್ಸು ಬರಲಿ, ಬೇಗ ಬರಲಿ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಬಸ್ಸು ಯಾವ ಒಪ್ಪಂದದ ಮೇಲೆ ಬರುತ್ತದೆ ಎಂಬುದರ ಬಗ್ಗೆ.

ಒಪ್ಪಂದಕ್ಕೆ ಜಿಸಿಸಿ, ಅಂದರೆ ಗ್ರಾಸ್ ಕಾಸ್ಟ್ ಕಾಂಟ್ರ್ಯಾಕ್ಟ್ ಎಂದು ಹೆಸರು. ಬಸ್ಸು ಕಂಪನಿಯದ್ದು, ಚಾಲಕ ಕಂಪನಿಯವನು, ರಿಪೇರಿ ಕಂಪನಿಯದ್ದು. ಕಂಡಕ್ಟರ್, ಮಾರ್ಗ, ಟಿಕೆಟ್ ದುಡ್ಡು ಸಾರಿಗೆ ನಿಗಮದ್ದು. ಬಸ್ಸು ಓಡಿದ ಕಿಲೋಮೀಟರಿಗೆ ಇಷ್ಟು ಎಂದು ನಿಗಮ ಬಾಡಿಗೆ ಕೊಡುತ್ತದೆ. ಇದಕ್ಕೂ ಹಿಂದಿನ ಕೇಂದ್ರ ಯೋಜನೆಯಾದ ಫೇಮ್-2ರಲ್ಲಿ ಬಂದ 300 ಬಸ್ಸುಗಳಿಗೆ ಕಿಲೋಮೀಟರಿಗೆ 48.90 ರೂಪಾಯಿ, ದಿನಕ್ಕೆ 225 ಕಿಲೋಮೀಟರ್ ಖಾತ್ರಿ. ಆಮೇಲೆ ಬಂದ 921 ಬಸ್ಸುಗಳಿಗೆ 41.01 ರೂಪಾಯಿ, ದಿನಕ್ಕೆ 200 ಕಿಲೋಮೀಟರ್, 12 ವರ್ಷದ ಕರಾರು. ಲೆಕ್ಕ ಹಾಕಿ ನೋಡಿ: ಈ 921 ಬಸ್ಸುಗಳಿಗೇ ದಿನಕ್ಕೆ 75 ಲಕ್ಷ, ವರ್ಷಕ್ಕೆ ಸುಮಾರು 275 ಕೋಟಿ. ಇದೇ ದರ ಹಿಡಿದರೂ 12 ವರ್ಷಕ್ಕೆ 3,300 ಕೋಟಿ. ಅಷ್ಟು ಕೊಟ್ಟ ಮೇಲೂ ಒಂದೇ ಒಂದು ಬಸ್ಸು ನಿಗಮದ ಆಸ್ತಿಯಾಗುವುದಿಲ್ಲ.

ಬಾಡಿಗೆ ಎಂದ ಮೇಲೆ ಹಾಗೇ ಅಲ್ಲವೇ ಎನ್ನಬಹುದು. ಆದರೆ ಬಾಡಿಗೆ ಮನೆ ಕಟ್ಟುವುದಕ್ಕೆ ಬಾಡಿಗೆದಾರ ದುಡ್ಡು ಕೊಡುವುದಿಲ್ಲವಲ್ಲ. ಇಲ್ಲಿ ಕೊಟ್ಟಿದ್ದೇವೆ. ಫೇಮ್-2ರಲ್ಲಿ 12 ಮೀಟರಿನ ಒಂದು ಬಸ್ಸಿಗೆ ಕೇಂದ್ರದ ಸಹಾಯಧನ 55 ಲಕ್ಷದವರೆಗೆ ಇತ್ತು. ಬಸ್ಸು ನಿಲ್ಲುವ ಡಿಪೊ ಜಾಗ ನಿಗಮದ್ದು. ಖರೀದಿಗೆ ನಮ್ಮ ತೆರಿಗೆ, ನಿಲ್ಲಿಸಲು ನಮ್ಮ ನೆಲ, ಓಡಿಸಲು ನಮ್ಮ ಬಾಡಿಗೆ. ಇಷ್ಟಾಗಿಯೂ ಆ ಬ್ಯಾಟರಿ ಎಷ್ಟು ಸವೆದಿದೆ, ಆ ಬ್ರೇಕ್ ಯಾವಾಗ ಬದಲಾಯಿತು ಎಂಬ ದಾಖಲೆ ಕಂಪನಿಯ ಕಂಪ್ಯೂಟರಿನಲ್ಲಿ.

ಇನ್ನೊಂದು ಸಂಗತಿ ನನ್ನನ್ನು ನಿಜಕ್ಕೂ ಕಾಡುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 3,435 ಕೋಟಿಯ ಪಾವತಿ ಭದ್ರತಾ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ನಿಗಮ ಬಾಡಿಗೆ ಬಾಕಿ ಉಳಿಸಿಕೊಂಡರೆ ಈ ನಿಧಿಯಿಂದ ಕಂಪನಿಗೆ ಹಣ ಹೋಗುತ್ತದೆ. ಅದನ್ನು ರಾಜ್ಯ ತುಂಬಿಕೊಡದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿರುವ ರಾಜ್ಯದ ಖಾತೆಯಿಂದಲೇ ಕಡಿತವಾಗುತ್ತದೆ. ಸಾಲ ಕೊಡುವ ಬ್ಯಾಂಕಿಗೆ ಧೈರ್ಯ ಬರಲಿ ಎಂಬ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ಇದೇ ರಾಜ್ಯದಲ್ಲಿ ಸಾರಿಗೆ ನೌಕರರು 38 ತಿಂಗಳ ವೇತನ ಹಿಂಬಾಕಿಗಾಗಿ 2025ರ ಆಗಸ್ಟ್ 5ರಂದು ಮುಷ್ಕರಕ್ಕೆ ಇಳಿಯಬೇಕಾಯಿತು. ಆ ಬಾಕಿಗೆ ಯಾವ ರಿಸರ್ವ್ ಬ್ಯಾಂಕಿನ ಖಾತೆಯೂ ಇಲ್ಲ. ಮೇಲ್ಸೇತುವೆಯಲ್ಲಿ ನಿಂತ ಬಸ್ಸಿನ ಪ್ರಯಾಣಿಕರಿಗಂತೂ ಭದ್ರತೆಯ ಮಾತೇ ಇಲ್ಲ. ಸರ್ಕಾರ ಮತ್ತು ಉದ್ಯಮದ ಸಹಭಾಗಿತ್ವ ಎನ್ನುವಾಗ ಒಬ್ಬರ ಪಾಲಿಗೆ ಮಾತ್ರ ಖಾತ್ರಿ ಬರೆದುಕೊಟ್ಟರೆ ಅದನ್ನು ಸಹಭಾಗಿತ್ವ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬಸ್ಸುಗಳೆಲ್ಲ ಸ್ವಂತದ್ದೇ ಆಗಿದ್ದ ಕಾಲದಲ್ಲಿ ನಮ್ಮ ಚಿಕ್ಕಪ್ಪ ಸಾರಿಗೆ ಸಂಸ್ಥೆಯಲ್ಲಿ ಮೆಕ್ಯಾನಿಕ್ ಆಗಿದ್ದರು. ಶಾಲೆಗೆ ರಜೆ ಇದ್ದಾಗ ಅವರಿಗೆ ಊಟದ ಡಬ್ಬಿ ಒಯ್ಯುವ ಕೆಲಸ ನನ್ನದು. ಬಸ್ಸಿನ ಅಡಿಗೆ ಇಳಿದು ರಿಪೇರಿ ಮಾಡುವ ಪಿಟ್ಟಿನ ಪಕ್ಕ ನಿಂತು ನೋಡುತ್ತಿದ್ದೆ. ಸಣ್ಣ ಸುತ್ತಿಗೆ ಹಿಡಿದು ಚಕ್ರದ ನಟ್ಟುಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುತ್ತಿದ್ದರು. ಬಿಗಿ ಇದ್ದದ್ದು ಟಣ್ ಎನ್ನುತ್ತಿತ್ತು, ಸಡಿಲಾದದ್ದರ ಸದ್ದು ಮಂದ. ‘ಕೇಳಿಸ್ತಾ?’ ಎನ್ನುತ್ತಿದ್ದರು. ನನಗೆ ಕೇಳಿಸುತ್ತಿರಲಿಲ್ಲ, ಎರಡು ಬೇಸಿಗೆ ರಜೆ ಕಳೆದ ಮೇಲೆ ಕೇಳಿಸತೊಡಗಿತು. ಪ್ರತಿ ಬಸ್ಸಿಗೂ ಒಂದು ಹಿಸ್ಟರಿ ಕಾರ್ಡ್ ಇರುತ್ತಿತ್ತು, ಆಯಿಲ್ ಮೆತ್ತಿದ ಬೆರಳಗುರುತುಗಳ ಸಮೇತ. ಯಾವ ದಿನ ಕ್ಲಚ್ ಪ್ಲೇಟ್ ಬದಲಾಯಿತು, ಯಾವ ಟೈರು ಎಷ್ಟನೇ ಸಲ ರಿಟ್ರೆಡ್ ಆಗಿದೆ, ಎಲ್ಲವೂ ಅದರಲ್ಲಿ. ಆ ಕಾರ್ಡು ನೋಡಿ ಚಿಕ್ಕಪ್ಪ ಹೇಳುತ್ತಿದ್ದರು: ‘ಈ ಗಾಡಿ ಘಾಟಿ ರೂಟಿನದ್ದು, ಬ್ರೇಕ್ ಲೈನಿಂಗ್ ಬೇಗ ತಿಂತದೆ.’

ಇದನ್ನು ಹಳೆಯ ಕಾಲದ ಹಂಬಲ ಎಂದು ತಳ್ಳಿಹಾಕಬೇಡಿ. ಇಂಥ ಮೆಕ್ಯಾನಿಕ್ಕುಗಳ ಕೈಗಳ ಬೆಲೆ ಏನೆಂದು ಕೆಎಸ್‌ಆರ್‌ಟಿಸಿ ಇತ್ತೀಚೆಗಷ್ಟೇ ತೋರಿಸಿದೆ. ಕೋವಿಡ್ ನಂತರ ಹೊಸ ಬಸ್ಸು ಕೊಳ್ಳಲು ಹಣವಿರಲಿಲ್ಲ. ಆಗ ಬೆಂಗಳೂರು ಮತ್ತು ಹಾಸನದ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ಹಳೆಯ ಬಸ್ಸುಗಳನ್ನು ಬಿಚ್ಚಿ, ತುಕ್ಕು ಹಿಡಿದ ಭಾಗ ಕತ್ತರಿಸಿ, ಹೊಸ ತಗಡು, ಹೊಸ ಸೀಟು ಹಾಕಿ ಮತ್ತೆ ರಸ್ತೆಗೆ ಬಿಟ್ಟರು. ಒಂದಕ್ಕೆ ತಗಲಿದ ಖರ್ಚು ಸುಮಾರು 3 ಲಕ್ಷ. ಹೊಸದಕ್ಕೆ ಅದರ ಹತ್ತು ಪಟ್ಟಿಗಿಂತ ಹೆಚ್ಚು. ಹೀಗೆ ಮರುಜೀವ ಪಡೆದವು ಸಾವಿರಕ್ಕೂ ಹೆಚ್ಚು. ಯಾವ ಕನ್ಸಲ್ಟೆಂಟೂ ಇದನ್ನು ಕಲಿಸಿಕೊಡಲಿಲ್ಲ. ಬಸ್ಸು ತಮ್ಮದಾಗಿತ್ತು, ಅದರ ಚಾಸಿಯೊಳಗೆ ಏನಿದೆ ಎಂದು ಗೊತ್ತಿತ್ತು, ಕೈಯಲ್ಲಿ ಕೆಲಸವಿತ್ತು. ಇಂದಿನ ಜಿಸಿಸಿ ಬಸ್ಸಿಗೆ 12 ವರ್ಷ ತುಂಬಿದಾಗ ಇಂಥ ಕೆಲಸ ಮಾಡಬಲ್ಲವರು ನಿಗಮದಲ್ಲಿ ಯಾರು ಉಳಿದಿರುತ್ತಾರೆ?

ನಿರ್ವಹಣೆಯನ್ನು ಹೊರಗಿನವರ ಕೈಗೆ ಕೊಡುವ ಈ ದಾರಿಯಲ್ಲಿ ಬೇರೆಯವರು ಹೋಗಿ ಎಲ್ಲಿ ಮುಟ್ಟಿದರು ಎಂಬುದು ಗುಟ್ಟೇನಲ್ಲ. ಬ್ರಿಟನ್ ತನ್ನ ರೈಲು ಹಳಿಗಳನ್ನು 1990ರ ದಶಕದಲ್ಲಿ ರೈಲ್‌ಟ್ರ್ಯಾಕ್ ಎಂಬ ಖಾಸಗಿ ಕಂಪನಿಗೆ ಒಪ್ಪಿಸಿತು. ಆ ಕಂಪನಿ ಹಳಿಯ ನಿರ್ವಹಣೆಯನ್ನು ಗುತ್ತಿಗೆದಾರರಿಗೆ ಹಂಚಿತು. 2000ದ ಅಕ್ಟೋಬರ್ 17ರಂದು ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್‌ನಲ್ಲಿ ವೇಗವಾಗಿ ಬರುತ್ತಿದ್ದ ರೈಲಿನ ಕೆಳಗೆ ಹಳಿ ಮುನ್ನೂರಕ್ಕೂ ಹೆಚ್ಚು ಚೂರಾಗಿ ಒಡೆಯಿತು. ನಾಲ್ವರು ಸತ್ತರು. ಹಳಿಯಲ್ಲಿ ಬಿರುಕಿದೆ ಎಂದು ಮೊದಲೇ ಗೊತ್ತಿತ್ತು. ಬದಲಿ ಹಳಿ ತಂದು ಪಕ್ಕದಲ್ಲೇ ಮಲಗಿಸಿದ್ದರು, ತಿಂಗಳುಗಟ್ಟಲೆ. ಹಾಕುವವರು ಒಬ್ಬರು, ನೋಡಿಕೊಳ್ಳುವವರು ಇನ್ನೊಬ್ಬರು, ಮಾಲೀಕರು ಮತ್ತೊಬ್ಬರು. ಹಳಿ ಅಲ್ಲೇ ಮಲಗಿತ್ತು. ಅಪಘಾತದ ನಂತರ ಇಂಥ ಬಿರುಕು ಇನ್ನೆಲ್ಲಿದೆ ಎಂದರೆ ರೈಲ್‌ಟ್ರ್ಯಾಕ್ ಬಳಿ ತನ್ನ ಆಸ್ತಿಯ ಸರಿಯಾದ ಪಟ್ಟಿಯೇ ಇರಲಿಲ್ಲ. ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಕಡೆ ರೈಲುಗಳನ್ನು ನಿಧಾನವಾಗಿ ಓಡಿಸಬೇಕಾಯಿತು. ಮರುವರ್ಷ ಕಂಪನಿ ದಿವಾಳಿಯೆದ್ದಿತು. ಅದರ ಜಾಗಕ್ಕೆ ಬಂದ ನೆಟ್‌ವರ್ಕ್ ರೈಲ್ 2003ರಲ್ಲಿ ಹಳಿ ನಿರ್ವಹಣೆಯನ್ನು ಗುತ್ತಿಗೆದಾರರಿಂದ ವಾಪಸ್ ಪಡೆದು ತನ್ನ ನೌಕರರಿಗೇ ಕೊಡಲು ತೀರ್ಮಾನಿಸಿತು.

ಲಂಡನ್ನಿನ ಸುರಂಗ ರೈಲಿನದ್ದೂ ಇದೇ ಪಾಠ. ರೈಲು ಓಡಿಸುವುದು ಸರ್ಕಾರ, ಹಳಿ, ಬೋಗಿ, ಸಿಗ್ನಲ್ ನೋಡಿಕೊಳ್ಳುವುದು ಖಾಸಗಿಯವರು ಎಂದು 30 ವರ್ಷದ ಕರಾರಾಯಿತು. ಮೂರರಲ್ಲಿ ಎರಡು ಪಾಲು ವಹಿಸಿಕೊಂಡಿದ್ದ ಮೆಟ್ರೊನೆಟ್ ತನ್ನ ಪಾಲುದಾರ ಕಂಪನಿಗಳಿಗೇ ಕೆಲಸ ಹಂಚಿಕೊಂಡು ನಾಲ್ಕೇ ವರ್ಷದಲ್ಲಿ, 2007ರಲ್ಲಿ, ಕೈಯೆತ್ತಿತು. ಉಳಿದ ಕಂಪನಿಯನ್ನೂ 2010ರಲ್ಲಿ ಸಾರ್ವಜನಿಕ ಸಂಸ್ಥೆಯೇ ಕೊಂಡುಕೊಂಡಿತು.

ದೂರ ಯಾಕೆ, ದೆಹಲಿಯ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗವನ್ನೇ ನೋಡಿ. ಕಂಬ, ಸೇತುವೆ ಕಟ್ಟಿದ್ದು ದೆಹಲಿ ಮೆಟ್ರೊ ನಿಗಮ. ರೈಲು, ಸಿಗ್ನಲ್ ಹಾಕಿ ಓಡಿಸಲು ಬಂದದ್ದು ರಿಲಯನ್ಸ್ ಇನ್‌ಫ್ರಾ ನೇತೃತ್ವದ ಕಂಪನಿ. 2011ರ ಫೆಬ್ರುವರಿಯಲ್ಲಿ ಶುರುವಾದ ಮಾರ್ಗ 2012ರ ಜುಲೈನಲ್ಲಿ ನಿಂತಿತು. ಸೇತುವೆಯ ಬೇರಿಂಗುಗಳಲ್ಲಿ ದೋಷವಿದೆ, ಕಟ್ಟಿದವರು ಸರಿ ಮಾಡಲಿ ಎಂದಿತು ಕಂಪನಿ. ಸರಿ ಮಾಡಿದ್ದೇವೆ ಎಂದಿತು ನಿಗಮ. ಕಂಪನಿ ಒಪ್ಪಂದ ಮುರಿದು ಹೊರಟಿತು. ಮಾರ್ಗವನ್ನು 2013ರ ಜುಲೈನಲ್ಲಿ ನಿಗಮವೇ ವಹಿಸಿಕೊಂಡಿತು. ಇಬ್ಬರ ನಡುವಿನ ವ್ಯಾಜ್ಯ ಮಾತ್ರ ಮಧ್ಯಸ್ಥಿಕೆ ಮಂಡಳಿ, ಹೈಕೋರ್ಟ್, ಸುಪ್ರೀಂ ಕೋರ್ಟ್ ಎಲ್ಲ ಸುತ್ತಿ 2024ರ ಏಪ್ರಿಲ್ ತನಕ ನಡೆಯಿತು. ಒಂದು ಬೇರಿಂಗ್ ಯಾರ ಜವಾಬ್ದಾರಿ ಎಂಬ ಪ್ರಶ್ನೆಗೆ 12 ವರ್ಷ. ಈ ಜಗಳದಲ್ಲಿ ಕಂಪನಿಯದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಟ್ಟಿದ್ದು ಸರ್ಕಾರಿ ಸಂಸ್ಥೆ. ಯಂತ್ರವನ್ನು ಎರಡು ತುಂಡು ಮಾಡಿ ಇಬ್ಬರಿಗೆ ಹಂಚಿದಾಗ ನಡುವಿನ ಗೆರೆಯ ಮೇಲೆ ಯಾರೂ ನಿಲ್ಲುವುದಿಲ್ಲ ಎನ್ನುತ್ತಿದ್ದೇನೆ.

ನಿಗಮಗಳ ಬಳಿ ದುಡ್ಡೆಲ್ಲಿದೆ, ಒಂದೊಂದು ಎಲೆಕ್ಟ್ರಿಕ್ ಬಸ್ಸಿನ ಬೆಲೆ ಕೋಟಿ ದಾಟುತ್ತದಲ್ಲ ಎಂದು ಅಧಿಕಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬ್ಯಾಟರಿ ತಂತ್ರಜ್ಞಾನ ವರ್ಷ ವರ್ಷ ಬದಲಾಗುತ್ತಿದೆ, ಆ ಅಪಾಯ ಕಂಪನಿಯ ತಲೆಯ ಮೇಲಿರಲಿ ಎಂಬ ಮಾತಿನಲ್ಲೂ ಸತ್ಯವಿದೆ. ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ಬಸ್ಸನ್ನು ರಸ್ತೆಯಲ್ಲಿ ಓಡಿಸಿ ಪರೀಕ್ಷಿಸಿದ್ದು ಬಿಎಂಟಿಸಿ, 2014ರಲ್ಲಿ. ಅಂದು ಕೊಳ್ಳದೆ ಉಳಿದದ್ದಕ್ಕೆ ಬೆಲೆಯೇ ದೊಡ್ಡ ಕಾರಣ. ನಿಗಮಗಳನ್ನು ರಾಜಕಾರಣಿಗಳು ಹೇಗೆ ನಡೆಸಿಕೊಂಡಿದ್ದಾರೆ, ಬಿಡಿಭಾಗ ಖರೀದಿಯಲ್ಲಿ ಏನೇನು ನಡೆದಿದೆ ಎಂಬುದೂ ಗೊತ್ತಿದ್ದದ್ದೇ. ಹಾಗಾಗಿ ಉದ್ಯಮವೇ ಬೇಡ ಎನ್ನುವವರ ಜೊತೆ ನಾನಿಲ್ಲ. ಬಸ್ಸು ತಯಾರಿಸುವುದು ಕಂಪನಿಗಳೇ, ಬ್ಯಾಟರಿ ಬಲ್ಲವರು ಅವರೇ. ಅವರ ಜೊತೆ ದುಡಿಯಬೇಕು.

ಜೊತೆಗೆ ದುಡಿಯುವುದು ಎಂದರೆ ಜೊತೆಗೆ ಪಿಟ್ಟಿಗೆ ಇಳಿಯುವುದು. ನಿಗಮದ ತಾಂತ್ರಿಕ ಸಿಬ್ಬಂದಿ ಎಲೆಕ್ಟ್ರಿಕ್ ಡಿಪೊಗಳಲ್ಲಿ ಕಂಪನಿಯ ತಂತ್ರಜ್ಞರ ಪಕ್ಕದಲ್ಲೇ ಕೆಲಸ ಮಾಡಬೇಕು. ಬ್ಯಾಟರಿ, ಮೋಟಾರು ಬಿಚ್ಚಿ ಕೂಡಿಸುವುದನ್ನು ಕಲಿಯಬೇಕು. ಇಂದು ಡೀಸೆಲ್ ಬಸ್ಸು ಗುಜರಿಗೆ ಹೋದಂತೆಲ್ಲ ಅದನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕಿಗೂ ಕೆಲಸವಿಲ್ಲದಂತಾಗುತ್ತಿದೆ. ನಿವೃತ್ತರಾದವರ ಜಾಗಕ್ಕೆ ಸಾಕಷ್ಟು ಹುಡುಗರು ಬರುತ್ತಿಲ್ಲ. ಸಾರಿಗೆ ಸಚಿವ ರಾಮಲಿಂಗಾ ರೆಡ್ಡಿ ಅವರು ಕೇಂದ್ರದ ಸಹಾಯಧನ ನೇರವಾಗಿ ನಿಗಮಗಳಿಗೇ ಬರಲಿ ಎಂದು ಕೇಳಿದ್ದಾರೆ. ಅದು ಸರಿಯಾದ ಬೇಡಿಕೆ. 4,500ರಲ್ಲಿ ಸಾವಿರ ಬಸ್ಸಾದರೂ ನಿಗಮದ ಸ್ವಂತದ್ದಾಗಿರಲಿ. ಬ್ಯಾಟರಿಗೆ ಕಂಪನಿ ದೀರ್ಘಾವಧಿ ವಾರಂಟಿ ಕೊಡಲಿ, ಉಳಿದ ಕೆಲಸ ನಮ್ಮ ಕಾರ್ಯಾಗಾರದವರು ಮಾಡಲಿ. ಆಗ ಕಂಪನಿ ಹೇಳುವ ಖರ್ಚು ನಿಜವೋ ಅಲ್ಲವೋ ಎಂದು ತಾಳೆ ನೋಡಲು ನಿಗಮದ ಕೈಯಲ್ಲಿ ತನ್ನದೇ ಲೆಕ್ಕ ಇರುತ್ತದೆ.

ಸಚಿವರು ಕೇಂದ್ರಕ್ಕೆ ಪತ್ರ ಬರೆದು ಕೂತರೆ ಸಾಲದು. ರಾಜ್ಯದ ಕೈಯಲ್ಲೇ ಇರುವ ಕೆಲಸಗಳೂ ಇವೆ. ಯಾವ ಡಿಪೊದ ಎಷ್ಟು ಬಸ್ಸು ಈ ತಿಂಗಳು ದಾರಿಯಲ್ಲಿ ನಿಂತವು, ಎಷ್ಟು ಹೊತ್ತಿಗೆ ಬದಲಿ ಬಂತು, ಎಷ್ಟು ದಂಡ ಹಾಕಲಾಯಿತು ಎಂಬುದನ್ನು ತಿಂಗಳು ತಿಂಗಳು ಬಸ್ ನಿಲ್ದಾಣದ ಗೋಡೆಗೆ ಹಚ್ಚಲು ದೆಹಲಿಯ ಅಪ್ಪಣೆ ಬೇಕಿಲ್ಲ. ಗುತ್ತಿಗೆ ಚಾಲಕನಿಗೆ ಎಷ್ಟು ದಿನ ತರಬೇತಿ, ಎಷ್ಟು ಗಂಟೆ ದುಡಿತ, ಎಷ್ಟು ಸಂಬಳ ಎಂದು ಕೇಳಲೂ ಬೇಕಿಲ್ಲ. ಸಂಬಳಕ್ಕಾಗಿ ಮುಷ್ಕರ ಹೂಡಬೇಕಾಗಿ ಬರುವ ಇಂಥ ಚಾಲಕ ‘ಬ್ರೇಕ್ ಸರಿಯಿಲ್ಲ, ಈ ಬಸ್ಸು ತೆಗೆಯುವುದಿಲ್ಲ’ ಎಂದು ಯಾವ ಧೈರ್ಯದಲ್ಲಿ ಹೇಳಿಯಾನು?

ಎಲ್ಲಕ್ಕಿಂತ ಮೊದಲು ಬೇಕಾದದ್ದು ಆ ಹಿಸ್ಟರಿ ಕಾರ್ಡು. ಇಂದು ಅದು ಕಾಗದದಲ್ಲಿಲ್ಲ. ಬ್ಯಾಟರಿಯ ಒಂದೊಂದು ಸೆಲ್ಲಿನ ಬಿಸಿ, ಚಾರ್ಜು, ಸವೆತ ಕ್ಷಣ ಕ್ಷಣಕ್ಕೂ ಕಂಪನಿಯ ಸರ್ವರಿಗೆ ಹೋಗಿ ಕೂರುತ್ತದೆ. ಅದರ ಪೂರ್ತಿ ನಕಲು ನಿಗಮಕ್ಕೆ ದಿನವೂ ಬರಬೇಕು, ಕಂಪನಿ ಬಿಟ್ಟುಹೋದರೂ ನಿಗಮದ ಬಳಿಯೇ ಉಳಿಯಬೇಕು ಎಂಬ ಒಂದು ಷರತ್ತನ್ನು ಹೊಸ ಕರಾರಿನಲ್ಲಿ ಬರೆಸಿ. ಕರಾರಿಗೆ ಸಹಿ ಹಾಕುವ ಮುನ್ನ ಅದರ ಕನ್ನಡ ಪ್ರತಿಯನ್ನು ಸದನದ ಮುಂದಿಡಿ. ಮುಂದಿನ ಸಲ ಮೇಲ್ಸೇತುವೆಯ ಮೇಲೆ ಬಸ್ಸು ನಿಂತಾಗ ಕಂಡಕ್ಟರ್ ಮಾಡುವ ಫೋನನ್ನು ಎತ್ತುವ ಡಿಪೊದ ಮೆಕ್ಯಾನಿಕ್ ‘ಆ ಗಾಡಿಯ ನಂಬರ್ ಹೇಳಿ, ನೋಡುತ್ತೇನೆ’ ಎನ್ನುವಂತಿರಬೇಕು.