ನೀಲಿ ಲೈಟು ಮತ್ತು ಬಿಸಿ ಟೀ

ಹೋದ ಶನಿವಾರ ರಿಲೀಸ್ ಮುಗಿಸಿ ಮನೆಗೆ ಬಂದಾಗ ರಾತ್ರಿ ಹನ್ನೊಂದು. ತಲೆ ಕೆಡಿಸಿಕೊಳ್ಳದೆ ನೋಡೋ ಸಿನಿಮಾ ಬೇಕಿತ್ತು. ಸಿಕ್ಕಿದ್ದು 1968ರ ಬ್ರಿಟಿಷ್ ಕಾಮಿಡಿ ‘ಹಾಟ್ ಮಿಲಿಯನ್ಸ್’. ನನ್ನ ಫ್ರೆಂಡ್ಸಲ್ಲಿ ಒಬ್ಬರೂ ಇದರ ಹೆಸರು ಕೇಳಿಲ್ಲ. ಆದ್ರೆ ಹ್ಯಾರಿ ಪಾಟರ್‌ನ ಪ್ರೊಫೆಸರ್ ಮೆಗೊನಗಲ್ ಗೊತ್ತಲ್ಲ? ಆ ಮ್ಯಾಗಿ ಸ್ಮಿತ್ ಇದರಲ್ಲಿ, ಯಾವ ಕೆಲಸದಲ್ಲೂ ನಾಲ್ಕು ದಿನ ನಿಲ್ಲದ ಹುಡುಗಿ.

ಹೀರೋ ಪೀಟರ್ ಉಸ್ತಿನೋವ್. ಕಂಪನಿ ದುಡ್ಡು ನುಂಗಿ ಜೈಲು ಸೇರಿ, ಈಗಷ್ಟೇ ಹೊರಬಂದಿದ್ದಾನೆ. ನೋಡಿದ್ರೆ ಲೆಕ್ಕದ ಪುಸ್ತಕದ ಕಾಲ ಮುಗೀತಾ ಬಂದಿದೆ, ಎಲ್ಲಾ ಕಂಪ್ಯೂಟರ್ ಕೈಲಿದೆ. ಸರಿ, ಪತಂಗ ಹಿಡಿಯೋ ಹುಚ್ಚಿರೋ ಒಬ್ಬ ಕಂಪ್ಯೂಟರ್ ತಜ್ಞನನ್ನ ಉಪಾಯವಾಗಿ ದಕ್ಷಿಣ ಅಮೆರಿಕಕ್ಕೆ ಸಾಗಹಾಕಿ, ಅವನ ಹೆಸರಲ್ಲೇ ಅಮೆರಿಕನ್ ಕಂಪನಿಯೊಂದರ ಲಂಡನ್ ಆಫೀಸಿಗೆ ಸೇರ್ತಾನೆ. ಯುರೋಪಿನಲ್ಲಿ ಹೆಸರಿಗಷ್ಟೇ ಇರೋ ಕಂಪನಿಗಳನ್ನ ಹುಟ್ಟಿಸಿ, ಕಂಪ್ಯೂಟರ್ ಕೈಲೇ ಅವಕ್ಕೆ ಚೆಕ್ ಕಳಿಸ್ತಾನೆ. ಯಂತ್ರ ಬರೆದ ಚೆಕ್ ಅಂದ್ಮೇಲೆ ಯಾರು ಅನುಮಾನ ಪಡ್ತಾರೆ?

ಒಂದೇ ತೊಡಕು. ಕಂಪ್ಯೂಟರಿಗೆ ಕೈ ಹಾಕಿದ್ರೆ ಕಾವಲಿಗಿರೋ ನೀಲಿ ಲೈಟು ಮಿನುಗುತ್ತೆ. ಇವನು ಎಷ್ಟು ತಲೆ ಕೆರ್ಕೊಂಡ್ರೂ ದಾರಿ ಸಿಗಲ್ಲ. ಕೊನೆಗೆ ದಾರಿ ಸಿಗೋದು ಆಫೀಸು ಗುಡಿಸೋ ಹೆಂಗಸಿನಿಂದ. ಅವಳ ಪಾಲಿಗೆ ಆ ದೈತ್ಯ ಯಂತ್ರ ಟೀ ಬಿಸಿ ಮಾಡ್ಕೊಳ್ಳೋ ಒಲೆ!

ಜೋರಾಗಿ ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಹಿಂದೆ ನಾನಿದ್ದ ಟೀಮಲ್ಲಿ ಲಾಗಿನ್‌ಗೆ ಒಟಿಪಿ, ಪ್ರತಿ ಬದಲಾವಣೆಗೂ ಮೂರು ಜನರ ಅಪ್ರೂವಲ್. ಅಷ್ಟೆಲ್ಲಾ ಇದ್ದೂ ಡೇಟಾಬೇಸ್ ಪಾಸ್‌ವರ್ಡ್ ಮಾತ್ರ ವೈಟ್‌ಬೋರ್ಡಿನ ಮೂಲೆಯಲ್ಲಿ ಆರು ತಿಂಗಳಿಂದ ಕೂತಿತ್ತು. ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಸಂಜೆ ಹೌಸ್‌ಕೀಪಿಂಗ್ ಅಕ್ಕ ಬಟ್ಟೆ ಹಿಡ್ಕೊಂಡು ಬಂದು, “ಸಾರ್, ಬೋರ್ಡ್ ಒರೆಸ್ಲಾ? ಆ ಪಾಸ್‌ವರ್ಡು ಮಾತ್ರ ದಿನಾ ಬಿಡ್ತಾ ಇದೀನಿ, ನಿಮಗೆಲ್ಲಾ ಬೇಕಲ್ವಾ?” ಅಂದ್ರು.

ಅವತ್ತೇ ಪಾಸ್‌ವರ್ಡ್ ಬದಲಾಯಿತು. ರಿಪೋರ್ಟ್ ಬರೆದವನು ನಾನು: ‘ಆಂತರಿಕ ಪರಿಶೀಲನೆಯಲ್ಲಿ ಪತ್ತೆ.’ ಮ್ಯಾನೇಜರ್ ಮೀಟಿಂಗಲ್ಲಿ ಹೊಗಳಿದ್ರು. ಅಪ್ರೈಸಲ್‌ನಲ್ಲೂ ಅದೊಂದು ಸಾಲಾಯಿತು. ಅಕ್ಕನ ಹೆಸರು ಯಾಕೆ ಹಾಕಲಿಲ್ಲ ಅಂದ್ರೆ, ನನಗೆ ಗೊತ್ತೇ ಇರಲಿಲ್ಲ. ಕೇಳೋಣ ಅಂತ ಅನ್ನಿಸೋ ಹೊತ್ತಿಗೆ ಕಾಂಟ್ರಾಕ್ಟ್ ಬದಲಾಗಿ ಬೇರೆಯವರು ಬಂದಿದ್ರು.

ಎರಿಕ್ ಟಿಲ್ ನಿರ್ದೇಶನದ ಈ ಸಿನಿಮಾದ ಚಿತ್ರಕಥೆ ಬರೆದವರು ಐರಾ ವಾಲಾಕ್ ಮತ್ತು ಸ್ವತಃ ಉಸ್ತಿನೋವ್. ಆಸ್ಕರ್‌ಗೆ ನಾಮಿನೇಟ್ ಆಗಿತ್ತು. ಪ್ರಶಸ್ತಿ ಹೋಗಿದ್ದು ಮೆಲ್ ಬ್ರೂಕ್ಸ್ ಅವರ ‘ದಿ ಪ್ರೊಡ್ಯೂಸರ್ಸ್’ಗೆ. ಇದನ್ನ ಜನ ಮರೆತ್ರು. ಓಟ ಸ್ವಲ್ಪ ನಿಧಾನ, ಕಂಪ್ಯೂಟರ್ ವಿಷಯ ಬಾಲಿಶ ಅನ್ನಿಸಬಹುದು. ಆದ್ರೆ ಕಾವಲು ಎಲ್ಲಿ ಸಡಿಲವಾಗಿರುತ್ತೆ ಅನ್ನೋದನ್ನ ಐವತ್ತು ವರ್ಷ ಮುಂಚೆಯೇ ಸರಿಯಾಗಿ ಹಿಡಿದಿದ್ದಾರೆ.

ಈ ವಾರಾಂತ್ಯ ಸಿಕ್ಕಿದ್ರೆ ನೋಡಿ. ಸೋಮವಾರ ಆಫೀಸಿಗೆ ಹೋದಾಗ ವೈಟ್‌ಬೋರ್ಡಿನ ಮೂಲೇನೂ ಒಮ್ಮೆ ನೋಡ್ಕೊಳ್ಳಿ. ಅದನ್ನ ಒರೆಸೋರ ಹೆಸರು ಈಗಲೇ ಕೇಳಿಟ್ಕೊಳ್ಳಿ.